ಮದ್ದು ತುಂಬುವ ಕೋವಿಗೆ ಗಜ: ಗರಗಸ ಹಿಡಿಯುವ ಮುಂಚೆ ಅಳೆಯಬೇಕಾದ ಎರಡು ಆಳ

ಗಜ ಅಂದರೆ ಮದ್ದು, ಗುಂಡನ್ನು ನಳಿಗೆಯ ಬುಡಕ್ಕೆ ಜಡಿಯುವ ಕೋಲು. ಅದರ ಬಗ್ಗೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಹೊಸ ಗಜ ಮಾಡಿದೆ. ಕೋವಿಯ ಕೆಳಗೆ ಚೆನ್ನಾಗಿ ಕೂತಿದೆ. ಆದರೆ ನಳಿಗೆಯೊಳಗೆ ಬಿಟ್ಟರೆ ಬುಡ ಮುಟ್ಟುತ್ತಿಲ್ಲ." ಕೆಲವರದ್ದು ಇದಕ್ಕೆ ಉಲ್ಟಾ. ಬುಡ ಮುಟ್ಟುತ್ತದೆ, ಆದರೆ ಕೋವಿಯ ಕೆಳಗೆ ಸಿಕ್ಕಿಸಿದರೆ ನಾಲ್ಕು ಬೆರಳು ಹೊರಗೆ ಚಾಚಿಕೊಂಡು ನಿಲ್ಲುತ್ತದೆ.

ಇಬ್ಬರೂ ಮಾಡಿದ ತಪ್ಪು ಒಂದೇ. ಗಜಕ್ಕೆ ಒಂದು ಉದ್ದ ಇದೆ ಅಂದುಕೊಂಡು ಅಳೆದಿದ್ದಾರೆ. ನಿಜಕ್ಕೂ ಅದು ಎರಡು ಆಳಕ್ಕೆ ಹೊಂದಬೇಕಾದ ಕೋಲು. ಒಂದು ನಳಿಗೆಯ ಆಳ. ಇನ್ನೊಂದು, ಗಜವನ್ನು ಇಟ್ಟುಕೊಳ್ಳಲು ಕೋವಿಯ ಮರದಲ್ಲಿ ಕೊರೆದ ತೂತಿನ ಆಳ. ಇವೆರಡೂ ಸಮ ಇರುವ ಕೋವಿ ತುಂಬಾ ಕಡಿಮೆ. ಹೊರಗಿನಿಂದ ನೋಡಿ ಯಾವುದನ್ನೂ ಹೇಳಲಾಗದು.

ಗಜ ಅಂದರೆ ಮದ್ದು, ಗುಂಡನ್ನು ನಳಿಗೆಯ ಬುಡಕ್ಕೆ ಜಡಿಯುವ ಕೋಲು. ಗಜವನ್ನು ಕೆಲವರು ಗಜಕಡ್ಡಿ ಅಂತಾರೆ. ಗುಂಡನ್ನು ತಳಕ್ಕೆ ಒಯ್ಯುವುದು, ನಳಿಗೆ ಒರೆಸುವುದು, ಒಳಗೆ ಸಿಕ್ಕಿಕೊಂಡಿದ್ದನ್ನು ಹೊರಗೆ ಎಳೆಯುವುದು, ಈ ಮೂರೂ ಕೆಲಸ ಅದರದ್ದೇ. ಉದ್ದ ತಪ್ಪಿದರೆ ಮೂರೂ ಕೆಡುತ್ತವೆ. ಮೊದಲನೆಯದು ಕೆಟ್ಟರೆ ನಳಿಗೆಯೇ ಒಡೆಯಬಹುದು. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದ್ದಕ್ಕೇ ಹೆಚ್ಚಿನ ಗಜಗಳು ಹಾಳಾಗಿರುವುದು.

## ಬೇಕಾಗುವ ಸಾಮಾನು

ಗಜಕ್ಕೆ ಮರದ ಕೋಲು, ನಳಿಗೆಯ ಉದ್ದಕ್ಕಿಂತ ಕನಿಷ್ಠ 150 ಮಿ.ಮೀ. ಜಾಸ್ತಿ ಇರಲಿ. ಎರಡು ಹಿತ್ತಾಳೆ ತುದಿಗಳು. ಒಂದು ಗುಂಡನ್ನು ತಳ್ಳುವ ಮುಂದಿನ ತುದಿ, ಇನ್ನೊಂದು ತಿರುಪಿನ ಥ್ರೆಡ್ ಇರುವ ಹಿಂದಿನ ತುದಿ, ಅಂದರೆ ಬಾಲ. ಅಳೆಯಲು ನೇರವಾದ ಎರಡು ಕಡ್ಡಿಗಳು: ಒಂದು ತೆಳ್ಳಗಿನದು, ಇನ್ನೊಂದು ನಳಿಗೆಯೊಳಗೆ ಸಲೀಸಾಗಿ ಇಳಿಯುವಷ್ಟೇ ದಪ್ಪದ್ದು. ಎರಡರ ತುದಿಯೂ ಚಪ್ಪಟೆಯಾಗಿರಬೇಕು.

ಉಳಿದಂತೆ ಕಾಗದದ ಟೇಪ್, ಚೂಪು ಪೆನ್ಸಿಲ್, ಸ್ಟೀಲ್ ಟೇಪ್, ಸಣ್ಣ ಹಲ್ಲಿನ ಗರಗಸ, ಅರ, ಸ್ಯಾಂಡ್ ಪೇಪರ್, 1.5 ಮಿ.ಮೀ. ಡ್ರಿಲ್ ಬಿಟ್, ಅದೇ ದಪ್ಪದ ಹಿತ್ತಾಳೆ ತಂತಿ, ಎಪಾಕ್ಸಿ ಅಂಟು, ಅಗಸೆ ಎಣ್ಣೆ.

## ಹಂತ 1: ನಳಿಗೆ ಖಾಲಿ ಇದೆಯೇ ನೋಡಿ

ಮನೆಯಲ್ಲಿ ಗೋಡೆಗೆ ನೇತುಹಾಕಿದ್ದ ಕೋವಿಯೇ ಆಗಲಿ, ನಿನ್ನೆ ತಾನೇ ನೀವೇ ಒರೆಸಿಟ್ಟದ್ದೇ ಆಗಲಿ, ಈ ಹಂತವನ್ನು ಬಿಡಬೇಡಿ. ಹಳೆಯ ಕೋವಿಗಳಲ್ಲಿ ವರ್ಷಗಟ್ಟಲೆ ಹಿಂದೆ ತುಂಬಿದ ಮದ್ದು ಹಾಗೇ ಕೂತಿರುತ್ತದೆ. ಅದು ಈಗಲೂ ಸಿಡಿಯಬಲ್ಲದು.

ನಿಪ್ಪಲ್ ಅನ್ನುವ ಸಣ್ಣ ಕೊಳವೆಯ ಮೇಲೆ, ಬಡಿದರೆ ಕಿಡಿ ಕೊಡುವ ಕೇಪು ಇದ್ದರೆ ತೆಗೆಯಿರಿ. ಚಕಮಕಿ ಕೋವಿಯಾದರೆ ಕಿಡಿ ತೂತಿನ ಪಕ್ಕದ ಬಟ್ಟಲಿನ ಮದ್ದು ಒರೆಸಿ. ಆಮೇಲೆ ಲಾಕ್, ಅಂದರೆ ಕೋವಿಯ ಬದಿಯಲ್ಲಿ ಕೂರಿಸಿದ ಕಿಡಿ ಹೊಡೆಯುವ ಯಂತ್ರವನ್ನು ಬಿಚ್ಚಿ ಪಕ್ಕಕ್ಕಿಡಿ. ಕೋವಿಯ ಬಾಯಿ ಯಾರ ಕಡೆಗೂ ಬೇಡ, ನಿಮ್ಮ ಮುಖ ಅದರ ಮೇಲೆ ಬರುವುದೂ ಬೇಡ. ತೆಳ್ಳಗಿನ ಕಡ್ಡಿಯನ್ನು ನಿಧಾನ ಬುಡದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಟೇಪ್ ಸುತ್ತಿ. ಕಡ್ಡಿಯನ್ನು ಹೊರತೆಗೆದು, ಟೇಪ್ ಬಾಯಿಯ ಮಟ್ಟಕ್ಕೆ ಬರುವಂತೆ ನಳಿಗೆಯ ಹೊರಮೈಗೆ ಹಿಡಿಯಿರಿ. ಕಡ್ಡಿಯ ತುದಿ ಕಿಡಿ ತೂತಿನ ಹತ್ತಿರಕ್ಕೆ ಅಥವಾ ನಿಪ್ಪಲ್ ಕೂರುವ ಜಾಗಕ್ಕೆ ಬರಬೇಕು. ಒಂದು ಇಂಚೋ ಎರಡು ಇಂಚೋ ಮುಂಚೆಯೇ ನಿಂತರೆ ಒಳಗೆ ಏನೋ ಇದೆ.

ಅದು ಗಟ್ಟಿಯಾದ ಕಸವೂ ಆಗಿರಬಹುದು, ಮದ್ದು ಗುಂಡೂ ಆಗಿರಬಹುದು. ಎರಡನೆಯದು ಅಂದುಕೊಂಡೇ ನಡೆಯಿರಿ. ಬಾಯಿಂದ ಊದಿ ನೋಡುವುದು, ಬಿಸಿ ಮಾಡುವುದು, ಹೊಡೆದು ಖಾಲಿ ಮಾಡುವುದು ಯಾವುದೂ ಬೇಡ. ಕೋವಿ ರಿಪೇರಿ ಗೊತ್ತಿರುವವರ ಕೈಗೆ ಕೊಡಿ. ಅವರು ಮದ್ದನ್ನು ನೆನೆಸಿ ಸತ್ವ ಹೋಗುವಂತೆ ಮಾಡಿ ಗುಂಡನ್ನು ಕೀಳುತ್ತಾರೆ. ಅಲ್ಲಿಯವರೆಗೆ ಗಜದ ಕೆಲಸ ನಿಲ್ಲಿಸಿ.

## ಹಂತ 2: ನಳಿಗೆಯ ಆಳ

ಖಾಲಿ ಅಂತ ಖಾತ್ರಿಯಾದ ಮೇಲೆ ಈಗ ದಪ್ಪ ಕಡ್ಡಿ ತೆಗೆದುಕೊಳ್ಳಿ. ಅಳೆದದ್ದಾಯ್ತಲ್ಲ, ಮತ್ತೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಕೆಲವು ಕೋವಿಗಳ ಬುಡದಲ್ಲಿ ನಳಿಗೆಗಿಂತ ಕಿರಿದಾದ ಒಂದು ಸಣ್ಣ ಗೂಡು ಇರುತ್ತದೆ. ತೆಳ್ಳಗಿನ ಕಡ್ಡಿ ಆ ಗೂಡಿನ ತಳದವರೆಗೂ ಹೋಗುತ್ತದೆ. ಗಜದ ಅಗಲವಾದ ತುದಿ ಗೂಡಿನ ಅಂಚಿನಲ್ಲೇ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಗಜದ ತುದಿ ನಿಲ್ಲುವ ಜಾಗ. ಎರಡು ಕಡ್ಡಿಗಳ ಅಳತೆಯಲ್ಲಿ ವ್ಯತ್ಯಾಸ ಬಂದರೆ ನಿಮ್ಮ ಕೋವಿಗೆ ಗೂಡು ಇದೆ ಅಂತಲೇ ಅರ್ಥ. ಅದನ್ನು ಒರೆಸಲು ಮುಂದೆ ಸಣ್ಣ ಬ್ರಷ್ ಬೇಕಾಗುತ್ತದೆ, ನೆನಪಿಡಿ.

ನಳಿಗೆಯ ಹೊರಗಿನ ಉದ್ದವನ್ನೇ ಆಳ ಅಂತ ಬರೆದುಕೊಳ್ಳಬೇಡಿ. ಬುಡದಲ್ಲಿ ತಿರುಪಿ ಕೂರಿಸಿದ ಪ್ಲಗ್ ಇರುತ್ತದೆ. ಅದು ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನವರೆಗೆ ಒಳಗಿನ ಜಾಗ ತಿನ್ನುತ್ತದೆ. 36 ಇಂಚಿನ ನಳಿಗೆ ಅಂದರೆ 914 ಮಿ.ಮೀ. ಪ್ಲಗ್ 16 ಮಿ.ಮೀ. ಇದ್ದರೆ ಒಳಗಿನ ಆಳ 898 ಮಾತ್ರ. ಈ 898ನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡು ಸಲ ಅಳೆಯಿರಿ. ಎರಡೂ ಸಲ ಒಂದೇ ಬಂದರೆ ಮಾತ್ರ ಬರೆದುಕೊಳ್ಳಿ.

## ಹಂತ 3: ಮರದ ತೂತಿನ ಆಳ

ಹೆಚ್ಚು ಜನ ಎಡವುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಳಿಗೆಯ ಕೆಳಗೆ ಗಜ ತನ್ನನ್ನು ಹಿಡಿದಿಡುವ ಲೋಹದ ಬಳೆಗಳ ಮೂಲಕ ಹಾದು, ಮರದಲ್ಲಿ ಕೊರೆದ ತೂತಿನೊಳಗೆ ಹೋಗುತ್ತದೆ. ಆ ತೂತು ಎಲ್ಲಿ ಮುಗಿಯುತ್ತದೆ ಅನ್ನುವುದು ಕೊರೆದವರ ಕೈಗೆ ಬಿಟ್ಟದ್ದು. ನಳಿಗೆಯ ಬುಡಕ್ಕಿಂತ ಮುಂಚೆಯೇ ನಿಂತಿರಬಹುದು, ಅದನ್ನು ದಾಟಿಯೂ ಹೋಗಿರಬಹುದು.

ಅಳೆಯುವ ಮುಂಚೆ ಎರಡು ಕೆಲಸ ಮಾಡಿ. ಮೊದಲನೆಯದು, ತೂತನ್ನು ಖಾಲಿ ಮಾಡಿ. ಕೋವಿಯ ಬಾಯಿಯನ್ನು ಕೆಳಗೆ ಮಾಡಿ ಹಿಡಿದು ಮರದ ಮೇಲೆ ಅಂಗೈಯಿಂದ ಬಡಿಯಿರಿ. ನಾನು ಮೊದಲ ಸಲ ಅಳೆದಾಗ ಕಡ್ಡಿ ಗಟ್ಟಿಯಾಗಿ ನಿಂತಿತ್ತು. ತಳ ಸಿಕ್ಕಿತು ಅಂತ ಗುರುತು ಹಾಕಿದೆ. ಯಾಕೋ ಅನುಮಾನ ಬಂದು ಬಾಗಿದ ತಂತಿ ಹಾಕಿ ಕೆದಕಿದರೆ, ಎಣ್ಣೆ ಕುಡಿದು ಕಪ್ಪಾಗಿ ಮೇಣದ ಹಾಗೆ ಒತ್ತಿಕೊಂಡಿದ್ದ ಮರದ ಪುಡಿ ಉಂಡೆ ಉಂಡೆಯಾಗಿ ಬಂತು. ಮತ್ತೆ ಅಳೆದಾಗ 18 ಮಿ.ಮೀ. ಜಾಸ್ತಿ ಸಿಕ್ಕಿತು. ಆ ಉಂಡೆಯನ್ನೇ ನಂಬಿ ಕತ್ತರಿಸಿದ್ದರೆ ಒಳ್ಳೆಯ ಕೋಲೊಂದು ದಂಡವಾಗುತ್ತಿತ್ತು.

ಎರಡನೆಯದು, ಲಾಕಿನ ಮುಂದಿನ ಬೋಲ್ಟನ್ನು ವಾಪಸ್ ಹಾಕಿ. ಹಂತ 1ರಲ್ಲಿ ಲಾಕ್ ಬಿಚ್ಚಿದಿರಲ್ಲ, ಅದರ ಮುಂದಿನ ಬೋಲ್ಟ್ ಎಷ್ಟೋ ಕೋವಿಗಳಲ್ಲಿ ಗಜದ ತೂತಿಗೆ ಅಡ್ಡಲಾಗಿ ಹಾದುಹೋಗುತ್ತದೆ. ಬೋಲ್ಟ್ ಇಲ್ಲದೆ ಅಳೆದರೆ ತೂತು ಆಳವಾಗಿ ಕಾಣುತ್ತದೆ. ಗಜ ಮಾಡಿ ಮುಗಿಸಿ, ಲಾಕ್ ಕೂರಿಸಿದ ಮೇಲೆ ಗಜ ಒಳಗೆ ಹೋಗುವುದೇ ಇಲ್ಲ. ಇಲ್ಲವೇ ಗಜ ಒಳಗಿದ್ದಾಗ ಬೋಲ್ಟ್ ತಿರುಗುವುದಿಲ್ಲ. ಆಗ ಜೋರು ಮಾಡಿದರೆ ಬೋಲ್ಟಿನ ಥ್ರೆಡ್ ಹೋಗುತ್ತದೆ. ಲಾಕ್ ಹಾಕಿ, ಬೋಲ್ಟ್ ಬಿಗಿಸಿ, ಆಮೇಲೆ ಅಳೆಯಿರಿ.

ಈ ಅಳತೆಗೆ ಕಡ್ಡಿ ನಿಮ್ಮ ಗಜದ ಬಾಲದಷ್ಟೇ ದಪ್ಪ ಇರಬೇಕು. ತೂತಿನ ತಳದಿಂದ ನಳಿಗೆಯ ಬಾಯಿಯ ಮಟ್ಟದವರೆಗೆ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 880 ಮಿ.ಮೀ. ಅಂದುಕೊಳ್ಳಿ.

## ಹಂತ 4: ಎರಡು ಆಳಗಳನ್ನು ಎದುರುಬದುರು ಇಟ್ಟು ನೋಡಿ

ನಳಿಗೆ 898, ತೂತು 880. ಬಾಯಿಯ ಮಟ್ಟಕ್ಕೆ ನಿಲ್ಲುವ ಗಜ ಬೇಕೆಂದರೆ ತುದಿಗಳೂ ಸೇರಿ ಅದರ ಉದ್ದ 880 ದಾಟುವಂತಿಲ್ಲ. ಅಂದರೆ ಖಾಲಿ ನಳಿಗೆಯೊಳಗೆ ಬಿಟ್ಟರೆ ಗಜ 18 ಮಿ.ಮೀ. ಒಳಗೇ ಮುಳುಗುತ್ತದೆ. ಬೆರಳಿಗೆ ಸಿಗುವುದೂ ಕಷ್ಟ.

ಮದ್ದು ತುಂಬಿದಾಗ ಲೆಕ್ಕ ಬೇರೆ. 50 ಕ್ಯಾಲಿಬರ್ (ಒಳಗಿನ ಅಗಲ ಅರ್ಧ ಇಂಚು) ನಳಿಗೆಯಲ್ಲಿ 70 ಗ್ರೇನ್ (ಸುಮಾರು 4.5 ಗ್ರಾಂ) ಕರಿಮದ್ದು ಮತ್ತು ಗುಂಡು ಸೇರಿ ಸುಮಾರು 48 ಮಿ.ಮೀ. ಎತ್ತರ ಕೂರುತ್ತವೆ. ಆಗ ಗಜದ ತುದಿ 850ರ ಆಳದಲ್ಲಿ ನಿಲ್ಲುತ್ತದೆ, ಹೊರಗೆ 30 ಮಿ.ಮೀ. ಉಳಿಯುತ್ತದೆ. ಇಲ್ಲಿ "ಪರವಾಗಿಲ್ಲ, ಹೊರಗೆ ಕಾಣ್ತಿದೆಯಲ್ಲ" ಅಂತ ನಿಲ್ಲಿಸುವವರೇ ಜಾಸ್ತಿ. ನನ್ನ ಪ್ರಕಾರ ಇದು ಸಾಲದು. ಎರಡು ಬೆರಳಗಲವೂ ಇಲ್ಲದ ಕೋಲನ್ನು ಬದಿಯಿಂದ ಹಿಡಿಯಲು ಬರುವುದಿಲ್ಲ. ಕೊನೆಯ ಒತ್ತು ಕೊಡಲು ಅಂಗೈಯನ್ನು ಗಜದ ತಲೆಯ ಮೇಲೆ ಇಡಲೇಬೇಕಾಗುತ್ತದೆ. ಅಂದರೆ ತುಂಬಿದ ಕೋವಿಯ ಬಾಯಿಗೆ ಅಂಗೈ ಅಡ್ಡ ಇಟ್ಟ ಹಾಗೆ. ತುಂಬಿದಾಗ ಕನಿಷ್ಠ ಒಂದು ಮುಷ್ಟಿ, ಅಂದರೆ 80ರಿಂದ 100 ಮಿ.ಮೀ. ಹೊರಗಿರಬೇಕು. ಒರೆಸುವಾಗಲೂ ಅಷ್ಟೇ.

ಹಾಗಾದರೆ ಏನು ಮಾಡುವುದು? ತೂತು ನಳಿಗೆಗಿಂತ ಸಾಕಷ್ಟು ಆಳವಿದ್ದರೆ ಚಿಂತೆಯಿಲ್ಲ, ಒಂದೇ ಕೋಲು ಎರಡಕ್ಕೂ ಸಾಕು. ಉದಾಹರಣೆಯಂತೆ ಕಡಿಮೆಯಿದ್ದರೆ ಮೂರು ದಾರಿ.

ಒಂದು, ಗಜವನ್ನು 880ಕ್ಕೇ ಮಾಡಿ, ಬಾಲದ ಥ್ರೆಡ್‌ಗೆ ತಿರುಪಿ ಕೂರಿಸುವ 100ರಿಂದ 150 ಮಿ.ಮೀ. ತುಂಡೊಂದನ್ನು ಜೊತೆಗೆ ಇಟ್ಟುಕೊಳ್ಳುವುದು. ಗುಂಡು ತಳ್ಳುವಾಗ ಬಾಲ ಮೇಲಿರುತ್ತದೆ, ತುಂಡು ಅಲ್ಲಿಯೇ ಕೂರುತ್ತದೆ, ಕೈಗೆ ಹಿಡಿಯೂ ಆಗುತ್ತದೆ. ನಾನು ಹೇಳುವುದು ಇದನ್ನೇ.

ಎರಡು, ಗಜವನ್ನು ಹೊರಗೆ ಚಾಚಲು ಬಿಡುವುದು. ಅಲ್ಲಿ ಇಲ್ಲಿ ತಗಲುತ್ತದೆ, ಹೊಡೆದಾಗ ಬಾಯಿಯ ಬೆಂಕಿ ತಾಗಿ ತುದಿಯ ಮರ ಸುಡುತ್ತದೆ. ಕೆಲವು ಮಿ.ಮೀ. ಆದರೆ ಸರಿ, ನಾಲ್ಕು ಬೆರಳು ಬೇಡ.

ಮೂರು, ತೂತನ್ನು ಇನ್ನೂ ಆಳ ಕೊರೆಯುವುದು. ಉದ್ದನೆಯ ಬಿಟ್ ಕೂದಲೆಳೆಯಷ್ಟು ಓರೆಯಾದರೂ ಕೆಳಗೆ ಮರ ಸೀಳಿಕೊಂಡು ಹೊರಬರುತ್ತದೆ, ಇಲ್ಲವೇ ಬೋಲ್ಟಿಗೆ ಹೊಡೆಯುತ್ತದೆ. ಹದಿನೆಂಟು ಮಿ.ಮೀ. ಆಸೆಗೆ ಕೋವಿಯ ಮರವನ್ನೇ ಕಳೆದುಕೊಂಡವರಿದ್ದಾರೆ. ಮೊದಲ ಸಲ ಮಾಡುವವರು ಇದರ ತಂಟೆಗೆ ಹೋಗಬೇಡಿ.

## ಹಂತ 5: ಕೋಲಿನ ಎಳೆ ನೋಡಿ

ಉದ್ದ ಸರಿಯಾಗಿದ್ದೂ ಕೋಲು ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಹಿಕರಿ ಮರ ಇದಕ್ಕೆ ಹೆಸರಾದದ್ದು. ಯಾವ ಮರವೇ ಆಗಲಿ, ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಬೇಕು. ಬೆಳಕಿಗೆ ಹಿಡಿದು ಒಂದು ಗೆರೆಯ ಮೇಲೆ ಪೆನ್ಸಿಲ್ ಎಳೆಯುತ್ತಾ ಹೋಗಿ. ಗೆರೆ ಒಂದೆರಡು ಗೇಣಿನಲ್ಲೇ ಕೋಲಿನ ಬದಿಗೆ ಜಾರಿ ಹೊರಬಿದ್ದರೆ ಆ ಕೋಲು ಬೇಡ. ಅಂಥದ್ದು ಒತ್ತಡ ಬಿದ್ದಾಗ ಅಡ್ಡಕ್ಕೆ ಮುರಿಯುವುದಿಲ್ಲ, ಓರೆಯಾಗಿ ಭರ್ಜಿಯಂತೆ ಸೀಳುತ್ತದೆ. ಆ ಹೊತ್ತಿಗೆ ನಿಮ್ಮ ಕೈ ಪೂರ್ತಿ ಬಲ ಹಾಕಿ ಅದರ ಕಡೆಗೇ ಇಳಿಯುತ್ತಿರುತ್ತದೆ. ಅಂಗೈ ತೂರಿ ಹೋದ ಗಾಯಗಳು ಆಗುವುದು ಹೀಗೆ.

ಅಂಗಡಿಯಲ್ಲಿ ಸಿಗುವ ದುಂಡು ಕೋಲುಗಳು ಸಾಮಾನ್ಯವಾಗಿ ಹಲಗೆಯಿಂದ ಕುಯ್ದವು. ಎಳೆ ಎತ್ತ ಹೋಗಿದೆ ಅನ್ನುವುದನ್ನು ಕುಯ್ಯುವ ಯಂತ್ರ ನೋಡುವುದಿಲ್ಲ. ಎಳೆಗುಂಟ ಸೀಳಿ ಮಾಡಿದ ಕೋಲು ಸಿಕ್ಕರೆ ಅದೇ ಮೇಲು.

ದಪ್ಪದ ವಿಷಯ ಸುಲಭ. 45 ಕ್ಯಾಲಿಬರ್‌ನಿಂದ ಮೇಲಕ್ಕೆ 3/8 ಇಂಚು, 32ರಿಂದ 40ರವರೆಗೆ 5/16 ಇಂಚು. ನಿಮ್ಮ ಕೋವಿಯ ಬಳೆಗಳು ಅದನ್ನು ಒಪ್ಪಬೇಕು, ಅಷ್ಟೇ. ಕೋಲು ಬಾಗಿದ್ದರೆ ಹದವಾಗಿ ಬಿಸಿ ತೋರಿಸಿ, ಕೈಯಲ್ಲಿ ಒತ್ತಿ, ತಣ್ಣಗಾಗುವವರೆಗೆ ಹಿಡಿದುಕೊಂಡು ನೇರ ಮಾಡಿ. ಈ ಕೆಲಸ ಅಳತೆಗೆ ಮುಂಚೆಯೇ ಆಗಬೇಕು.

## ಹಂತ 6: ಮೊದಲು ದಪ್ಪ ಕೂರಿಸಿ, ಉದ್ದ ಆಮೇಲೆ

ಕೋಲು ಬಳೆಗಳಲ್ಲಿ ಸಲೀಸಾಗಿ ಓಡುವವರೆಗೆ ಅದರ ಉದ್ದ ಎಷ್ಟು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ. ಬಿಗಿಯಾಗಿ ಅರ್ಧದಲ್ಲೇ ನಿಂತ ಕೋಲನ್ನು ತಳ ಮುಟ್ಟಿದೆ ಅಂತ ತಿಳಿದು ಕತ್ತರಿಸುವುದು ಇನ್ನೊಂದು ಮಾಮೂಲಿ ತಪ್ಪು.

ಬಾಲದ ಕಡೆ ನಿಧಾನ ಸಣ್ಣ ಮಾಡುತ್ತಾ ಬನ್ನಿ. ಎಲ್ಲಿ ಹಿಡಿಯುತ್ತಿದೆ ಅಂತ ಗೊತ್ತಾಗದಿದ್ದರೆ ಕೋಲಿಗೆ ದೀಪದ ಮಸಿ ಸವರಿ, ಒಳಗೆ ಬಿಟ್ಟು ತೆಗೆಯಿರಿ. ಮಸಿ ಉಜ್ಜಿಹೋಗಿ ಮರ ಕಾಣುವ ಜಾಗವೇ ಹಿಡಿಯುವ ಜಾಗ. ಅಲ್ಲಿ ಮಾತ್ರ ಹೆರೆಯಿರಿ. ಹೆರೆಯುವುದು ಕೋಲನ್ನು. ಬಳೆಯನ್ನೂ ತೂತನ್ನೂ ಮುಟ್ಟಬೇಡಿ. ಕೋಲು ಹೋದರೆ ಇನ್ನೊಂದು ಮಾಡಬಹುದು, ಅಲ್ವಾ?

ಮರ ತೇವ ಕುಡಿದಾಗ ದಪ್ಪದಲ್ಲಿ ಉಬ್ಬುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೆ ಬರುವಷ್ಟಿಲ್ಲ. ಹಾಗಾಗಿ ತೇವಕ್ಕೆ ಅಂತ ಉದ್ದದಲ್ಲಿ ಏನೂ ಬಿಡಬೇಕಿಲ್ಲ. ದಪ್ಪದಲ್ಲಿ ಬಿಡಿ. ಒಣ ಹವೆಯಲ್ಲಿ ಒಂದು ಬೆರಳಿನಿಂದ ನೂಕಿದರೆ ಹೋಗಬೇಕು. ಆದರೆ ಕೋವಿಯನ್ನು ಬಾಯಿ ಕೆಳಗೆ ಮಾಡಿ ಹಿಡಿದರೆ ತಾನಾಗಿ ಜಾರಿ ಬೀಳಬಾರದು. ಹೊಡೆದಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಸಡಿಲ ಗಜ ಮುಂದಕ್ಕೆ ತೆವಳುತ್ತದೆ.

## ಹಂತ 7: ಬಾಲದ ತುದಿ ಕೂರಿಸಿ

ಥ್ರೆಡ್ ಇರುವ ಹಿತ್ತಾಳೆ ತುದಿಯನ್ನು ಮೊದಲು ಬಾಲಕ್ಕೆ ಕೂರಿಸಿ. ಯಾಕೆ ಬಾಲ ಮೊದಲು? ತೂತಿನ ತಳಕ್ಕೆ ಹೋಗಿ ಕೂರುವುದು ಅದೇ. ಅದು ನಿಂತ ಜಾಗ ಖಚಿತವಾದರೆ ಮುಂದಿನ ತುದಿಯಲ್ಲಿ ಹೊಂದಿಸಿಕೊಳ್ಳಬಹುದು. ಜೊತೆಗೆ, ಹದವಾಗಿ ಸಣ್ಣ ಮಾಡಿದ ಬಾಲವನ್ನು ಆಮೇಲೆ ಕತ್ತರಿಸಬೇಕಾದ ಪ್ರಸಂಗ ಬರುವುದಿಲ್ಲ.

ತುದಿಯ ಒಳಗೆ ಹೋಗುವಷ್ಟು ಮರವನ್ನು ಸಣ್ಣಗೆ ಕೆತ್ತಿ. ಚಾಕುವಿನಿಂದ ಸುತ್ತ ಆಳ ಗೀರು ಹಾಕಿ ಆಮೇಲೆ ಕೆತ್ತುವ ಅಭ್ಯಾಸ ಹಲವರಿಗೆ. ಗಜ ಮುರಿಯುವುದು ಆ ಗೀರಿನಲ್ಲೇ. ಅರದಿಂದ ನಿಧಾನ ಇಳಿಸಿಕೊಂಡು ಬನ್ನಿ. ಹಿತ್ತಾಳೆಯ ಹೊರಮೈಯೂ ಮರದ ಮೈಯೂ ಒಂದೇ ಮಟ್ಟಕ್ಕೆ ಬರಬೇಕು, ಬೆರಳಿಗೆ ಅಂಚು ಸಿಗಬಾರದು.

ಎಪಾಕ್ಸಿ ಹಚ್ಚಿ ಕೂರಿಸಿ, ಒಣಗಿದ ಮೇಲೆ ಅಡ್ಡಲಾಗಿ 1.5 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿ ಹೊಡೆದು, ಎರಡೂ ಕಡೆ ಅರದಿಂದ ಸಮ ಮಾಡಿ. ಈ ಪಿನ್ ಬೇಡ, ಅಂಟೇ ಸಾಕು ಅನ್ನುವವರ ಮಾತು ಕೇಳಬೇಡಿ. ಒರೆಸುವ ಬಟ್ಟೆ ಬುಡದಲ್ಲಿ ಸಿಕ್ಕಿಕೊಂಡು ನೀವು ಬಲವಾಗಿ ಎಳೆದಾಗ ಅಂಟು ಬಿಡುತ್ತದೆ. ಕೈಗೆ ಬರೀ ಕೋಲು ಬರುತ್ತದೆ, ಹಿತ್ತಾಳೆ ತುದಿ ಬಟ್ಟೆಯ ಸಮೇತ ನಳಿಗೆಯ ತಳದಲ್ಲೇ ಉಳಿಯುತ್ತದೆ.

ಥ್ರೆಡ್ ಅಳತೆಯನ್ನೂ ಇಲ್ಲೇ ನೋಡಿಕೊಳ್ಳಿ. ಇಂಚಿನ ಅಳತೆಯ 8-32, 10-32 ಎರಡೂ ಬಳಕೆಯಲ್ಲಿವೆ. 10-32 ಮತ್ತು 5 ಮಿ.ಮೀ. ಮೆಟ್ರಿಕ್ ಥ್ರೆಡ್ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಂದೆರಡು ಸುತ್ತು ಹೋಗಿ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಜೋರಾಗಿ ತಿರುಗಿಸಿದರೆ ಹಿತ್ತಾಳೆಯ ಥ್ರೆಡ್ ಸವೆದುಹೋಗುತ್ತದೆ.

## ಹಂತ 8: ಗುರುತು ಹಾಕಿ ಕತ್ತರಿಸಿ

ಬಾಲವನ್ನು ತೂತಿನ ತಳ ಮುಟ್ಟಿಸಿ. ನಳಿಗೆಯ ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗೆರೆ ಹಾಕಿ. ಆ ಗೆರೆಯ ಮೇಲೆ ಕತ್ತರಿಸಬೇಡಿ! ಅದರಿಂದ ಎರಡು ಕಳೆಯಬೇಕು.

ಮೊದಲು ತಳದ ಸಡಿಲ, 3 ಮಿ.ಮೀ. ಗಜದ ಬಾಲ ತಳಕ್ಕೆ ಒತ್ತಿಕೊಂಡೇ ಇದ್ದರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮುಂದಿನ ಹಿತ್ತಾಳೆ ತುದಿಯ ಗಟ್ಟಿ ಭಾಗ. ತುದಿಯ ಒಟ್ಟು ಉದ್ದ 30, ಒಳಗಿನ ಟೊಳ್ಳು 20 ಇದ್ದರೆ ಮರದಾಚೆಗೆ 10 ಮಿ.ಮೀ. ಚಾಚುತ್ತದೆ. ಈ 10ನ್ನೂ ಕಳೆಯಿರಿ. ಅಂದರೆ ಗೆರೆಯಿಂದ 13 ಒಳಗೆ. ನಾನು ಇದಕ್ಕೆ 2 ಮಿ.ಮೀ. ಜಾಸ್ತಿ ಬಿಟ್ಟು 11ಕ್ಕೆ ಕತ್ತರಿಸುತ್ತೇನೆ. ಉಳಿದ 2ನ್ನು ಅರಕ್ಕೆ ಬಿಡುತ್ತೇನೆ. ಅಲ್ಲಿ ಕೈ ಆತುರಪಡುವುದಿಲ್ಲ.

ತುದಿಯ ಲೆಕ್ಕ ಮರೆತವರ ಗಜ ಹತ್ತು ಮಿ.ಮೀ. ಉದ್ದವಾಗುತ್ತದೆ. ಅದು ಸರಿಮಾಡಬಹುದಾದ ತಪ್ಪು. ತುದಿಯ ಪೂರ್ತಿ 30ನ್ನೂ ಕಳೆದವರ ಗಜ ಇಪ್ಪತ್ತು ಗಿಡ್ಡ. ಅದು ಅರದಿಂದ ಸರಿಹೋಗುವ ತಪ್ಪಲ್ಲ.

ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ. ಗರಗಸವನ್ನು ಒಂದೇ ಕಡೆಯಿಂದ ಆಚೆಗೆ ಎಳೆಯದೆ, ಕೋಲನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸುತ್ತಲೂ ಕುಯ್ಯಿರಿ. ಆಗ ಎಳೆ ಕಿತ್ತು ಬರುವುದಿಲ್ಲ.

ಮುಂದಿನ ತುದಿಯನ್ನು ಮೊದಲು ಅಂಟಿಲ್ಲದೆ ಸುಮ್ನೆ ಸಿಕ್ಕಿಸಿ ನೋಡಿ. ಕೋವಿಯ ಕೆಳಗೆ ಇಟ್ಟಾಗ ಬಾಯಿಯ ಮಟ್ಟಕ್ಕೆ, ಇಲ್ಲವೇ ಒಂದೆರಡು ಮಿ.ಮೀ. ಒಳಗೆ ನಿಲ್ಲಬೇಕು. ನಳಿಗೆಯೊಳಗೆ ಬಿಟ್ಟಾಗ ಎಲ್ಲೂ ತಡೆಯದೆ ಬುಡದವರೆಗೆ ಹೋಗಬೇಕು. ತುಂಡಿನ ಗಜವಾದರೆ ತುಂಡನ್ನು ತಿರುಪಿಕೊಂಡೇ ಬಿಡಿ, ಬಿಚ್ಚಿ ಬಿಟ್ಟರೆ ಒಳಗೇ ಮುಳುಗೀತು. ಎರಡೂ ಸರಿ ಬಂದ ಮೇಲೆ ಅಂಟು, ಪಿನ್. ಕೊನೆಗೆ ಇಡೀ ಕೋಲಿಗೆ ಅಗಸೆ ಎಣ್ಣೆ ತೆಳುವಾಗಿ ಎರಡು ಮೂರು ಸಲ ಸವರಿ, ಪ್ರತಿ ಸಲವೂ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ.

## ಹಂತ 9: ಜ್ಯಾಗ್ ಹಾಕಿ ಒರೆಸಿ ನೋಡಿ

ಬಟ್ಟೆಯ ಚೂರು ಹಿಡಿಯುವ ಗೀರುಗೀರಿನ ಹಿತ್ತಾಳೆ ತಲೆಗೆ ಜ್ಯಾಗ್ ಅಂತಾರೆ. ಅದು ಗಜದ ಉದ್ದಕ್ಕೆ ಸುಮಾರು 25 ಮಿ.ಮೀ. ಸೇರಿಸುತ್ತದೆ. ಸಡಿಲದ 3 ಮಿ.ಮೀ. ಬದಿಗಿಟ್ಟರೆ, ಉದಾಹರಣೆಯ 880ರ ಗಜಕ್ಕೆ ಜ್ಯಾಗ್ ಹಾಕಿದರೆ 905. ನಳಿಗೆ 898. ಹೊರಗೆ ಉಳಿಯುವುದು 7 ಮಿ.ಮೀ. ಬುಡ ಮುಟ್ಟಿತು ನಿಜ, ಆದರೆ ವಾಪಸ್ ಎಳೆಯುವುದು ಹೇಗೆ?

ಇದಕ್ಕೇ ಆ ತುಂಡು ಬೇಕಾಗುವುದು. ಆದರೆ ಜ್ಯಾಗ್ ಬಾಲದ ಥ್ರೆಡ್‌ಗೆ ಹೋದರೆ ತುಂಡಿಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ತುಂಡನ್ನು ಬಾಲಕ್ಕೂ ಜ್ಯಾಗಿಗೂ ನಡುವೆ ಹಾಕುವಂತೆ ಎರಡೂ ತುದಿಗೆ ಥ್ರೆಡ್ ಇರುವಂಥದ್ದನ್ನೇ ಮಾಡಿಸಿ. ಆಗ ಮುಂದಿನ ದಪ್ಪ ತಲೆ ಕೈಯಲ್ಲಿರುತ್ತದೆ. ಮನೆಯಲ್ಲಿ ಒರೆಸಲು ಬೇರೆಯೇ ಉದ್ದನೆಯ ಲೋಹದ ಕೋಲು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೋವಿಯ ಜೊತೆ ಇರುವ ಗಜಕ್ಕೆ ಸವೆತ ಕಡಿಮೆಯಾಗುತ್ತದೆ.

ಮೊದಲ ಸಲ ಬಟ್ಟೆ ಹಾಕುವಾಗ ತೆಳುವಾದದ್ದನ್ನೇ ಹಾಕಿ. ಅರ್ಧಕ್ಕೆ ಇಳಿಸಿ, ಎಳೆದು ನೋಡಿ. ಸಲೀಸಾಗಿ ಬಂದರೆ ಮಾತ್ರ ಪೂರ್ತಿ ಇಳಿಸಿ.

## ಹಂತ 10: ಗಜದ ಮೇಲೆ ಎರಡು ಗುರುತು

ಗಜ ಮುಗಿಯಿತು ಅಂತ ಇಲ್ಲಿಗೇ ಬಿಟ್ಟುಬಿಡುವವರಿದ್ದಾರೆ. ನನಗೆ ಇಡೀ ಕೆಲಸದಲ್ಲಿ ಈ ಎರಡು ಗುರುತಿನಷ್ಟು ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಮೊದಲನೆಯದು ಖಾಲಿ ಗುರುತು. ಗುಂಡು ತಳ್ಳುವಾಗ ಹೇಗೋ ಹಾಗೇ, ದಪ್ಪ ತುದಿ ಕೆಳಗೆ ಮಾಡಿ ಗಜವನ್ನು ಖಾಲಿ ನಳಿಗೆಗೆ ಬುಡದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗೆರೆ. ನಿಮ್ಮದು ತುಂಡು ಹಾಕುವ ಗಜವಾದರೆ ಈ ಗೆರೆ ತುಂಡಿನ ಮೇಲೆ ಬರುತ್ತದೆ. ಹಾಗಾದರೆ ತುಂಡನ್ನು ಪ್ರತಿ ಸಲ ಪೂರ್ತಿ ಬಿಗಿಯಾಗುವವರೆಗೆ ತಿರುಪಬೇಕು.

ಎರಡನೆಯದು ತುಂಬಿದ ಗುರುತು. ಇದನ್ನು ಮನೆಯಲ್ಲಿ ಹಾಕಬೇಡಿ. ಹೊಡೆಯುವ ಜಾಗದಲ್ಲಿ, ಕೇಪು ಹಾಕದೆ, ನೀವು ಯಾವಾಗಲೂ ಬಳಸುವ ಅಳತೆಯ ಮದ್ದು, ಗುಂಡಿಗೆ ಸುತ್ತುವ ಬಟ್ಟೆ, ಗುಂಡು ತುಂಬಿ, ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿದೆ ಅಂತ ಖಾತ್ರಿಯಾದ ಮೇಲೆ ಗೆರೆ ಹಾಕಿ. ಮದ್ದಿನ ಅಳತೆ ಬದಲಿಸಿದರೆ ಗೆರೆಯನ್ನೂ ಬದಲಿಸಬೇಕು. ಗೆರೆಯನ್ನು ಚಾಕುವಿನಿಂದ ಕೊರೆಯಬೇಡಿ, ಶಾಯಿಯಿಂದ ಹಾಕಿ ಮೇಲೆ ವಾರ್ನಿಷ್ ಬಳಿಯಿರಿ.

ಇನ್ನು ಮುಂದೆ ಪ್ರತಿ ಸಲ ತುಂಬಿದಾಗಲೂ ಗೆರೆ ನೋಡಿ. ತುಂಬಿದ ಗುರುತು ಬಾಯಿಗಿಂತ ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುವೆ ಗಾಳಿ ಇದೆ, ಇಲ್ಲವೇ ಎರಡು ಸಲ ತುಂಬಿದ್ದೀರಿ. ಎರಡೂ ನಳಿಗೆ ಉಬ್ಬಿಸುವ, ಒಡೆಯುವ ತಪ್ಪುಗಳು. ಗುರುತು ಬಾಯಿಯೊಳಗೆ ಮುಳುಗಿದರೆ ಮದ್ದು ಕಡಿಮೆ ಬಿದ್ದಿದೆ, ಅಥವಾ ಮದ್ದೇ ಹಾಕಿಲ್ಲ. ಎರಡು ಗುರುತಿನ ನಡುವೆ ಎಲ್ಲೋ ನಿಂತಿದ್ದರೂ ಕೇಪು ಹಾಕಬೇಡಿ, ಯಾಕೆ ಅಂತ ಮೊದಲು ತಿಳಿದುಕೊಳ್ಳಿ.

## ಗಜ ಕೊಡುವ ಎಚ್ಚರಿಕೆಗಳು

ಗುಂಡು ತಳ್ಳುವಾಗ ಗಜವನ್ನು ಬಾಯಿಂದ 15–20 ಸೆಂ.ಮೀ. ಮೇಲೆ ಹಿಡಿದು ಸಣ್ಣ ಸಣ್ಣ ಒತ್ತಿನಲ್ಲಿ ಇಳಿಸಿ. ಅಷ್ಟಕ್ಕೂ ಕೋಲು ಬಿಲ್ಲಿನ ಹಾಗೆ ಬಾಗುತ್ತಿದ್ದರೆ ಬಟ್ಟೆ ದಪ್ಪವಾಗಿದೆ, ಇಲ್ಲವೇ ನಳಿಗೆಗೆ ಮದ್ದಿನ ಕಿಟ್ಟ ಹಿಡಿದಿದೆ. ಒರೆಸಿ, ಆಮೇಲೆ ಮುಂದುವರಿಸಿ. ಇದರಲ್ಲಿ ಗಜದ ತಪ್ಪಿಲ್ಲ.

ಪಿನ್ನಿನ ಸುತ್ತ ಕೂದಲಿನಂಥ ಬಿರುಕು ಕಂಡರೆ, ಹಿತ್ತಾಳೆ ತುದಿ ಕೈಯಲ್ಲಿ ತಿರುಗಿದರೆ, ಮೈ ಸವರಿದಾಗ ಎಳೆ ಎದ್ದು ಬಟ್ಟೆಗೆ ಸಿಕ್ಕಿದರೆ ಆ ಗಜದಿಂದ ಇನ್ನೊಂದು ಗುಂಡು ತಳ್ಳಬೇಡಿ. ಕೋಲಿನ ಒಂದು ಬದಿ ಮಾತ್ರ ಹೊಳೆಯುತ್ತಿದ್ದರೆ ಅದು ನಳಿಗೆಯ ಬಾಯಿಗೆ ಉಜ್ಜುತ್ತಿದೆ. ಮರಕ್ಕೆ ಅಂಟಿದ ಮರಳು ಬಾಯಿಯ ಅಂಚನ್ನು ಸವೆಸುತ್ತದೆ, ಗುರಿ ತಪ್ಪಲು ಅಷ್ಟು ಸಾಕು. ಕೋಲನ್ನು ಪ್ರತಿ ಸಲ ಒರೆಸಿ, ಬಾಯಿಯ ನಡುವಿಗೇ ಹಿಡಿದು ಇಳಿಸಿ.

## ಈಗಾಗಲೇ ಗಿಡ್ಡವಾಗಿ ಕತ್ತರಿಸಿದ್ದರೆ

ಎಷ್ಟು ಗಿಡ್ಡ ಅಂತ ಮೊದಲು ನೋಡಿ. ಹತ್ತು–ಇಪ್ಪತ್ತು ಮಿ.ಮೀ. ಆದರೆ ಗಟ್ಟಿ ಭಾಗ ಉದ್ದವಿರುವ ಹಿತ್ತಾಳೆ ತುದಿ ಹುಡುಕಿ ಹಾಕಿದರೆ ಸರಿಹೋಗುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಥ್ರೆಡ್ ತುಂಡಿನಿಂದ ಕೆಲಸ ಸಾಗಿಸಬಹುದು, ಕೋವಿಯ ಕೆಳಗೆ ಮಾತ್ರ ಒಳಗೆ ಸೇರಿಕೊಂಡಂತೆ ಕಾಣುತ್ತದೆ. ಬಳೆಗಳ ನಡುವೆ ಬೆರಳಿನಿಂದ ನೂಕಿ ಹೊರತೆಗೆಯಲು ಬರುತ್ತದೆಯೇ ನೋಡಿ, ಬಂದರೆ ತೊಂದರೆಯಿಲ್ಲ.

ಮರಕ್ಕೆ ಮರ ಅಂಟಿಸಿ ಉದ್ದ ಮಾಡಬೇಡಿ. ಎಷ್ಟೇ ನಾಜೂಕಾಗಿ ಸೇರಿಸಿದರೂ ಎಳೆಯುವಾಗ ಬಿಡುವುದು ಆ ಸೇರಿಕೆಯೇ. ಬಿಡುವುದೂ ನಳಿಗೆಯೊಳಗೇ. ಗಿಡ್ಡ ಕೋಲನ್ನು ಎತ್ತಿಡಿ, ನಳಿಗೆ ಚಿಕ್ಕದಿರುವ ಕೋವಿಯೊಂದು ಎಂದಾದರೂ ಕೈಗೆ ಬಂದಾಗ ಆದೀತು. ಈ ಕೋವಿಗೆ ಹೊಸ ಕೋಲು ತಂದು ಹಂತ 5ರಿಂದ ಮತ್ತೆ ಶುರು ಮಾಡಿ. ಎರಡು ಆಳಗಳ ಅಳತೆ ನಿಮ್ಮ ಹತ್ತಿರ ಇದ್ದೇ ಇದೆಯಲ್ಲ.